ಲೆಕ್ಕದಲ್ಲಿ ಪಾಸಾದ ಕೀ ಶಾಫ್ಟಿನ ಮೇಲೆ ಯಾಕೆ ಸೋಲುತ್ತದೆ?

ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಆ್ಯಕ್ಸಲ್ಲಿಗೆ ಹಿಡಿದಿಡುವ ಕಾಟರ್ ಪಿನ್ನಿನ ಹಳೇ ಸೈಕಲ್ ತುಳಿದವರಿಗೆ ಈ ಸದ್ದು ಗೊತ್ತಿರುತ್ತದೆ. ಏರು ರಸ್ತೆ. ಸೀಟು ಬಿಟ್ಟು ಎದ್ದು ನಿಂತು ತುಳಿಯುತ್ತೀರಿ. ಎಡಗಾಲು ಕೆಳಗಿಳಿಯುವಾಗ ಒಂದು ‘ಟಕ್’. ಸುತ್ತಿಗೊಂದು ಸಲ, ತಪ್ಪದೆ. ಮೊದಲ ದಿನ ಅದು ಬರೀ ಸದ್ದು. ಸ್ವಲ್ಪ ದಿನ ಕಳೆದರೆ ಕ್ರ್ಯಾಂಕ್ ಅಲ್ಲಾಡುವುದು ಕಾಲಿಗೇ ಗೊತ್ತಾಗುತ್ತದೆ. ಕೊನೆಗೆ ಸೈಕಲ್ ಶಾಪಿನವನು ಪಿನ್ ಹೊರಗೆ ತೆಗೆದು ಅಂಗೈ ಮೇಲಿಟ್ಟು ತೋರಿಸುತ್ತಾನೆ. ಅದರ ಚಪ್ಪಟೆ ಮುಖದಲ್ಲಿ ಮೆಟ್ಟಿಲು ಕಡಿದ ಹಾಗೆ ಒಂದು ಗುಳಿ ಬಿದ್ದಿರುತ್ತದೆ.

ಕಿರುಬೆರಳಿಗಿಂತ ಸಣ್ಣ ಆ ಪಿನ್ ಎಷ್ಟು ಹೊರುತ್ತದೆ ಅಂತ ಒಮ್ಮೆ ಲೆಕ್ಕ ಹಾಕೋಣ. 60 ಕೆ.ಜಿ. ತೂಗುವವನು ಒಂದೇ ಪೆಡಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಿದ್ದಾನೆ ಅನ್ನಿ. ಕ್ರ್ಯಾಂಕಿನ ಉದ್ದ ಸುಮಾರು 165 ಮಿ.ಮೀ. ಅದು ಕೂತಿರುವ ಆ್ಯಕ್ಸಲ್ಲಿನ ದಪ್ಪ ಸುಮಾರು 16 ಮಿ.ಮೀ., ಅಂದರೆ ನಡುವಿನಿಂದ ಅಂಚಿಗೆ ಬರೀ 8. ಸನ್ನೆಗೋಲಿನ ಲೆಕ್ಕವೇ ಇದು. 165ನ್ನು 8ರಿಂದ ಭಾಗಿಸಿದರೆ ಇಪ್ಪತ್ತಕ್ಕಿಂತ ಸ್ವಲ್ಪ ಜಾಸ್ತಿ. ಕಾಲು ಕೊಟ್ಟ 60 ಕೆ.ಜಿ. ಆ್ಯಕ್ಸಲ್ಲಿನ ಅಂಚಿಗೆ ಬರುವ ಹೊತ್ತಿಗೆ 1,200 ಕೆ.ಜಿ. ದಾಟಿರುತ್ತದೆ. ಒಂದು ಟನ್ನಿಗೂ ಮೇಲೆ!

ಇನ್ನೊಂದು ತಮಾಷೆ ನೋಡಿ. ಬಲಗಾಲಿನ ಬಲ ಆ್ಯಕ್ಸಲ್ ದಾಟಿ ಹೋಗಬೇಕಾಗಿಲ್ಲ. ಚೈನಿನ ದೊಡ್ಡ ಚಕ್ರ ಬಲ ಕ್ರ್ಯಾಂಕಿಗೇ ಸೇರಿಕೊಂಡಿರುತ್ತದಲ್ಲ, ಅಲ್ಲಿಗೆ ನೇರ ಹೋಗುತ್ತದೆ. ಎಡಗಾಲಿನ ಬಲಕ್ಕೆ ಸುತ್ತುದಾರಿ. ಮೊದಲು ಎಡ ಪಿನ್, ಆಮೇಲೆ ಆ್ಯಕ್ಸಲ್, ಆಮೇಲೆ ಬಲ ಪಿನ್, ಆಮೇಲೆ ಚೈನು. ಎಡಗಾಲು ತುಳಿದಾಗಲೇ ‘ಟಕ್’ ಕೇಳಿಸುವುದು ಇದಕ್ಕೇ. ಬಲ ಯಾವ ದಾರಿಯಲ್ಲಿ ಹರಿಯುತ್ತದೆ ಅಂತ ಹೀಗೆ ಬೆರಳಿಟ್ಟು ನೋಡುವ ಅಭ್ಯಾಸ ಆದರೆ ಯಂತ್ರ ತನ್ನ ಅರ್ಧ ಗುಟ್ಟು ಬಿಟ್ಟುಕೊಟ್ಟ ಹಾಗೆ.

ಟನ್ನುಗಟ್ಟಲೆ ಹೊತ್ತರೂ ಬಿಗಿಯಾಗಿ ಕೂತ ಪಿನ್ ವರ್ಷಗಟ್ಟಲೆ ಏನೂ ಆಗದೆ ಇರುತ್ತದೆ. ಕೂದಲೆಳೆಯಷ್ಟು ಸಡಿಲ ಸಿಕ್ಕಿದರೆ ವಾರಗಳಲ್ಲಿ ಹಾಳಾಗುತ್ತದೆ. ಭಾರ ಎರಡು ಸಲವೂ ಅಷ್ಟೇ. ತಿರುಗುವ ದಂಡಕ್ಕೆ, ಅಂದರೆ ಶಾಫ್ಟಿಗೆ, ಪುಲ್ಲಿ, ಗೇರ್, ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ), ಕಪ್ಲಿಂಗ್ (ಎರಡು ಶಾಫ್ಟ್ ಸೇರಿಸುವ ಕೊಂಡಿ) ಏನೇ ಕೂರಿಸಲಿ, ಕಥೆ ಇದೇ. ಪುಸ್ತಕದ ಲೆಕ್ಕ ‘ಮುರಿಯುತ್ತದಾ?’ ಅಂತ ಕೇಳುತ್ತದೆ. ಕೈಪಳಗಿದ ಫಿಟ್ಟರ್ ‘ಅಲ್ಲಾಡುತ್ತದಾ?’ ಅಂತ ಕೇಳುತ್ತಾನೆ. ನನಗೆ ಈ ಎರಡನೇ ಪ್ರಶ್ನೆ ಅರ್ಥವಾಗಲು ಒಂದು ಸ್ಪ್ರಾಕೆಟ್ ಬಲಿ ಬೇಕಾಯಿತು.

60 ಅಂತ ಬರೆದು ಬಿಟ್ಟಿದ್ದೆ

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಡಿಸೈನ್ ಕೆಲಸಕ್ಕೆ ಸೇರಿದ ಹೊಸತು. ಹಿಂದೆ ಮುಂದೆ ಎರಡೂ ಕಡೆ ಓಡುವ ಒಂದು ಕನ್ವೇಯರ್. 7.5 ಕಿಲೋವ್ಯಾಟ್ ಮೋಟಾರು, ನಿಮಿಷಕ್ಕೆ 1,440 ಸುತ್ತು. ಗೇರ್‌ಬಾಕ್ಸ್ ಅದನ್ನು 72 ಸುತ್ತಿಗೆ ಇಳಿಸುತ್ತದೆ. ಕೊನೆಯ ಶಾಫ್ಟ್ 60 ಮಿ.ಮೀ. ಅದರ ಮೇಲೆ ಒಂದು ಸ್ಪ್ರಾಕೆಟ್, ಹಿಡಿದುಕೊಳ್ಳಲು ಒಂದು ಕೀ.

ಕೀ ಅಂದರೆ ಬೀಗದ ಕೀ ಅಲ್ಲ. ಉದ್ದನೆಯ ಚೌಕಾಕಾರದ ಕಬ್ಬಿಣದ ತುಂಡು. ಅದರ ಒಂದು ಭಾಗ ಶಾಫ್ಟಿನಲ್ಲಿ ಕೊರೆದ ತೋಡಿನಲ್ಲಿ, ಉಳಿದ ಭಾಗ ಸ್ಪ್ರಾಕೆಟ್ಟಿನ ನಡುವಿನ ದಪ್ಪ ಭಾಗವಾದ ಹಬ್‌ನಲ್ಲಿ ಕೊರೆದ ತೋಡಿನಲ್ಲಿ ಕೂರುತ್ತದೆ. ಈ ತೋಡಿಗೆ ಕೀವೇ ಅನ್ನುತ್ತಾರೆ. ಶಾಫ್ಟ್ ತಿರುಗಿದರೆ ಕೀ ಹಬ್ಬನ್ನು ತಳ್ಳುತ್ತದೆ. ಅಷ್ಟೇ.

ಲೆಕ್ಕ ಹೀಗಿತ್ತು. ತಿರುಗಿಸುವ ಬಲ, ಅಂದರೆ ಟಾರ್ಕ್, ಸಿಗಬೇಕಾದರೆ 9,550ನ್ನು ಕಿಲೋವ್ಯಾಟಿನಿಂದ ಗುಣಿಸಿ ಸುತ್ತಿನಿಂದ ಭಾಗಿಸಬೇಕು. 9,550 × 7.5 ÷ 72. ಹತ್ತಿರ ಹತ್ತಿರ 1,000 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ನೂರು ಕೆ.ಜಿ. ನೇತು ಹಾಕಿದ ಹಾಗೆ. ಶಾಫ್ಟಿನ ನಡುವಿನಿಂದ ಅಂಚಿಗೆ 30 ಮಿ.ಮೀ. ಹಾಗಾಗಿ ಕೀ ಮೇಲೆ ಬೀಳುವ ಬಲ 33,000 ನ್ಯೂಟನ್ನಿನ ಆಸುಪಾಸು, ಅಂದರೆ ಸುಮಾರು 3.4 ಟನ್. ಒಂದು ಆನೆ ಹತ್ತಿ ನಿಂತ ಹಾಗೆ ಅನ್ನಿ.

60ರ ಶಾಫ್ಟಿಗೆ ಕೋಷ್ಟಕದಲ್ಲಿರುವ ಕೀ 18 ಮಿ.ಮೀ. ಅಗಲ, 11 ಎತ್ತರ. ಉದ್ದ 70 ಇಟ್ಟೆ. ಕೀ ಅಡ್ಡಕ್ಕೆ ಕತ್ತರಿಸಿ ಹೋಗಬೇಕಾದರೆ 18 × 70 ಮಿ.ಮೀ. ಅಗಲದ ಕಬ್ಬಿಣ ಹರಿಯಬೇಕು. ಒತ್ತಡ ಚದರ ಮಿ.ಮೀ.ಗೆ 26 ನ್ಯೂಟನ್ನು, ಏನೇನೂ ಅಲ್ಲ. ಪಕ್ಕದ ಗೋಡೆಗಳ ಮೇಲಿನ ಒತ್ತಡ ಸುಮಾರು 120. ಸಾಧಾರಣ ಕೀ ಉಕ್ಕು 300ಕ್ಕೂ ಮೇಲೆ ತಡೆಯುತ್ತದೆ. ಮೋಟಾರು ಸ್ಟಾರ್ಟ್ ಆಗುವಾಗ ಎರಡೂವರೆ ಪಟ್ಟು ಒದ್ದರೂ ಲೆಕ್ಕ ಪಾಸು. ಖುಷಿಯಾಗಿ ಡ್ರಾಯಿಂಗಿಗೆ ಸಹಿ ಹಾಕಿದೆ. ಶಾಫ್ಟಿನ ಜಾಗದಲ್ಲಿ ‘60’, ಸ್ಪ್ರಾಕೆಟ್ಟಿನ ನಡುವಿನ ತೂತು, ಅಂದರೆ ಬೋರಿನ ಜಾಗದಲ್ಲೂ ‘60’. ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅಂತ ಮುಂದೆ ಏನೂ ಬರೆಯಲಿಲ್ಲ.

ನಾಲ್ಕು ತಿಂಗಳಿಗೆ ಫೋನು. ಹೋಗಿ ನೋಡಿದರೆ ಹಬ್‌ನ ಅಂಚಿನ ಸುತ್ತ ಕುಂಕುಮಕ್ಕೆ ಸ್ವಲ್ಪ ಕಾಫಿಪುಡಿ ಬೆರೆಸಿದ ಬಣ್ಣದ ಪುಡಿ ಇಳಿದಿತ್ತು. ನೀರು ಬಿದ್ದ ತುಕ್ಕು ಅಂದುಕೊಂಡೆ. ಜೊತೆಯಲ್ಲಿ ಬಂದಿದ್ದ ಫಿಟ್ಟರ್ ಬೆರಳಲ್ಲಿ ಒರೆಸಿ ನೋಡಿ, ‘ಇದು ನೀರಿಂದಲ್ಲ ಸಾರ್, ಒಳಗೆ ಉಜ್ಜಾಡ್ತಿದೆ’ ಅಂದರು. ಬಿಚ್ಚಿಸಿದೆವು. ಕೀವೇ ಗೋಡೆಗಳು ನೆಟ್ಟಗೆ ಇರಲಿಲ್ಲ. ಬಾಯಿ ಅಗಲವಾಗಿ, ತಳ ಕಿರಿದಾಗಿತ್ತು. ಕೀ ಎರಡೂ ಕಡೆ ಮೂಲೆ ಉರುಟಾಗಿ ಅರ್ಧಂಬರ್ಧ ಸವೆದ ಸೋಪಿನ ಹಾಗಿತ್ತು. ಮುರಿದಿರಲಿಲ್ಲ. ನನ್ನ ಲೆಕ್ಕ ಅಷ್ಟರಮಟ್ಟಿಗೆ ಸರಿಯೇ!

ಮೈಕ್ರೋಮೀಟರ್ ಹಿಡಿದಾಗ ವಿಷಯ ಹೊರಬಂತು. ಶಾಫ್ಟಿಗೆ ಬಳಸಿದ್ದು ಬ್ರೈಟ್ ಬಾರ್, ಮೊದಲೇ ನುಣುಪು ಮಾಡಿ ಮಾರುವ ಉಕ್ಕಿನ ಸರಳು. ಅದು ಹೇಳಿದ ಅಳತೆಗಿಂತ ಒಂಚೂರು ಕಡಿಮೆಯೇ ಬರುತ್ತದೆ, ಜಾಸ್ತಿ ಬರುವುದಿಲ್ಲ. ಸವೆಯದ ಜಾಗದಲ್ಲೇ 59.9 ಇತ್ತು. ಬೋರು 60.05. ನಡುವೆ 0.15 ಮಿ.ಮೀ., ಒಂದೂವರೆ ಹಾಳೆ ಕಾಗದದಷ್ಟು. ಜೊತೆಗೆ ಕೂರಿಸುವಾಗ ಕೀ ಬಿಗಿ ಅಂತ ಯಾರೋ ಪಕ್ಕ ಅರ ಹಾಕಿ ಸಡಿಲ ಮಾಡಿದ್ದರು. ಕನ್ವೇಯರ್ ದಿನಕ್ಕೆ ನೂರಾರು ಸಲ ದಿಕ್ಕು ಬದಲಿಸುತ್ತಿತ್ತು. ಪ್ರತಿ ಸಲವೂ ಹಬ್ ಮೊದಲು ಆ ಸಂದಿಯಲ್ಲಿ ಓಡಿ, ಆಮೇಲೆ ಕೀಗೆ ಗುದ್ದುತ್ತಿತ್ತು. ಆನೆ ನಿಂತರೆ ಪರವಾಗಿಲ್ಲ. ಆನೆ ಓಡಿಬಂದು ಹಾಯ್ದರೆ? ನನ್ನ ಲೆಕ್ಕದಲ್ಲಿ ಆನೆ ನಿಂತೇ ಇತ್ತು.

ಆ ಕೆಂಪು ಪುಡಿ ಉದುರಿಸುವ ಸವೆತಕ್ಕೆ ಫ್ರೆಟಿಂಗ್ ಅನ್ನುತ್ತಾರೆ. ಎರಡು ಕಬ್ಬಿಣದ ಮುಖಗಳು ಒತ್ತಿಕೊಂಡಿದ್ದು, ಕಣ್ಣಿಗೆ ಕಾಣದಷ್ಟು ಚೂರೇ ಚೂರು ಜಾರಾಡಿದರೆ ಸಾಕು. ಮೇಲ್ಮೈಯ ಕಣಗಳು ಕಿತ್ತು ಬರುತ್ತವೆ, ಗಾಳಿಗೆ ತುಕ್ಕಾಗುತ್ತವೆ. ಆ ತುಕ್ಕು ಎಮರಿ ಪೇಪರಿನ ಕೆಲಸ ಮಾಡುತ್ತದೆ. ಸಂದಿ ದೊಡ್ಡದಾಗುತ್ತದೆ, ಗುದ್ದು ಜೋರಾಗುತ್ತದೆ, ಪುಡಿ ಜಾಸ್ತಿಯಾಗುತ್ತದೆ. ಶುರುವಾದ ಮೇಲೆ ತಾನಾಗಿ ನಿಲ್ಲುವ ಜಾತಿಯದಲ್ಲ.

ಕೀ ಎಲ್ಲಿ ಬಿಗಿ, ಎಲ್ಲಿ ಸಡಿಲ

ಹೊಸಬರು ಮಾಡುವ ಇನ್ನೊಂದು ತಪ್ಪು ಇದರ ಉಲ್ಟಾ. ಬಿಗಿ ಬೇಕು ಅಂತ ಕೀ ತಲೆಯ ಮೇಲೆ ಬಿಗಿ ಮಾಡುತ್ತಾರೆ. ಮಾಮೂಲಿ ಕೀ ಬಿಗಿಯಾಗಬೇಕಾದ್ದು ಪಕ್ಕಗಳಲ್ಲಿ. ನೆತ್ತಿಯಲ್ಲಿ ಸಂದಿ ಇರಲೇಬೇಕು. ಕೋಷ್ಟಕ ನೋಡಿ: 11 ಎತ್ತರದ ಕೀಗೆ ಶಾಫ್ಟಿನಲ್ಲಿ 7 ಆಳ, ಹಬ್‌ನಲ್ಲಿ 4.4. ಕೂಡಿದರೆ 11.4. ಆ 0.4 ಮಿ.ಮೀ. ಯಾರೋ ಮರೆತು ಬಿಟ್ಟಿದ್ದಲ್ಲ. ಕೀ ನೆತ್ತಿಯಲ್ಲಿ ತಾಗಿದರೆ ಹಬ್ ಒಂದು ಪಕ್ಕಕ್ಕೆ ಎದ್ದು ಕೂರುತ್ತದೆ. ಪುಲ್ಲಿ ಓರೆಯಾಗಿ ಓಡುತ್ತದೆ, ಬೆಲ್ಟು ಕುಣಿಯುತ್ತದೆ. ಎರಕದ ಹಬ್ ಆದರೆ ಕೀವೇ ಮೂಲೆಯಿಂದ ಸೀಳಿಯೂ ಬಿಡಬಹುದು.

ಇದಕ್ಕೆ ತದ್ವಿರುದ್ಧ ಇನ್ನೊಂದು ಕೀ ಇದೆ. ಹಳೇ ಆಯಿಲ್ ಎಂಜಿನ್ನುಗಳ ಫ್ಲೈವೀಲಿನಲ್ಲಿ ಮೂಗು ಹೊರಗೆ ಚಾಚಿಕೊಂಡ ಕೀ ನೋಡಿರಬಹುದು, ಜಿಬ್ ಹೆಡ್ ಕೀ. ಅದು ನೂರಕ್ಕೆ ಒಂದರಂತೆ ಇಳಿಜಾರಾಗಿರುವ ಬೆಣೆ. ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಾರೆ. ಅದು ಬೇಕಂತಲೇ ನೆತ್ತಿಯಲ್ಲಿ ಬಿಗಿ. ನಿಧಾನದ ಭಾರಿ ಚಕ್ರಕ್ಕೆ ಸರಿ, ಜೋರಾಗಿ ತಿರುಗುವ ಪುಲ್ಲಿಗೆ ಬೇಡ. ಆ ಮೂಗು ಪಂಚೆ, ಸೀರೆ ಸೆರಗು ಹಿಡಿದೆಳೆಯುವ ಅಪಾಯವೂ ಇದೆ. ಮುಚ್ಚದೆ ಬಿಡಬಾರದು.

ಅಂದಹಾಗೆ ಕೀವೇ ಕೊರೆಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ತೋಡಿನ ತುದಿ ಥಟ್ಟನೆ ಗೋಡೆಯಾಗಿ ನಿಂತರೆ ಶಾಫ್ಟಿನ ಒತ್ತಡವೆಲ್ಲ ಆ ಮೂಲೆಯಲ್ಲಿ ಗುಂಪು ಕಟ್ಟುತ್ತದೆ. ತಟ್ಟೆಯಂಥ ಕಟ್ಟರಿನಲ್ಲಿ ಕೊರೆದರೆ ತುದಿ ಇಳಿಜಾರಾಗಿ ಮೇಲೇಳುತ್ತದೆ, ಶಾಫ್ಟಿಗೆ ಹಿತ. ಆದರೆ ಕೀ ಮುಂದಕ್ಕೆ ಜಾರದಂತೆ ತಡೆಯುವವರು ಯಾರೂ ಇರುವುದಿಲ್ಲ. ಒಂದು ಕೊಟ್ಟರೆ ಒಂದು ಹೋಗುತ್ತದೆ.

ಹಿಡಿಯುವುದು ಬೇರೆ, ತಡೆಯುವುದು ಬೇರೆ

ಎತ್ತಿನಗಾಡಿಯ ಚಕ್ರದ ತುದಿಯಲ್ಲಿ ಕಡಾಣಿ ಇರುತ್ತದೆ. ಚಕ್ರ ಅಚ್ಚಿನ ಮೇಲೆ ಸುಮ್ನೆ ತಿರುಗುತ್ತದೆ, ಕಡಾಣಿ ಅದನ್ನು ತಿರುಗಿಸುವುದಿಲ್ಲ. ಚಕ್ರ ಹೊರಗೆ ಜಾರಿ ಬೀಳದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಕೀ ಇದರ ಉಲ್ಟಾ. ತಿರುಗಿಸುತ್ತದೆ, ಆದರೆ ಹಬ್ ಶಾಫ್ಟಿನ ಉದ್ದಕ್ಕೆ ಜಾರಿದರೆ ತಡೆಯುವುದಿಲ್ಲ. ಎರಡು ಕೆಲಸಕ್ಕೂ ಯಾರು ಹೊಣೆ ಅಂತ ಡ್ರಾಯಿಂಗಿನಲ್ಲಿ ಬೇರೆ ಬೇರೆ ಉತ್ತರ ಇರಬೇಕು.

ಸಾಮಾನ್ಯವಾಗಿ ಕಡಾಣಿಯ ಕೆಲಸವನ್ನು ಗ್ರಬ್ ಸ್ಕ್ರೂಗೆ ಕೊಡುತ್ತಾರೆ. ತಲೆಯಿಲ್ಲದ, ಅಲೆನ್ ಕೀ ಹಾಕಿ ತಿರುಗಿಸುವ ಸ್ಕ್ರೂ. ಹಬ್‌ನ ಪಕ್ಕದಿಂದ ಹೋಗಿ ಶಾಫ್ಟಿಗೆ ಒತ್ತುತ್ತದೆ. ಎರಡು ಹಾಕುವಾಗ ಎದುರುಬದುರು ಹಾಕೋಣ ಅನ್ನಿಸುತ್ತದೆ, ಸಮವಾಗಿ ಕಾಣುತ್ತದಲ್ಲ. ಇಲ್ಲಿ ಮನಸ್ಸು ಮೋಸ ಮಾಡುತ್ತದೆ. ಎದುರುಬದುರು ಸ್ಕ್ರೂಗಳು ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತವೆ. ಶಾಫ್ಟ್ ಎರಡು ಚುಕ್ಕಿಗಳ ನಡುವೆ ತೂಗಾಡುತ್ತಿರುತ್ತದೆ, ಬೋರಿನ ಗೋಡೆಗೆ ಗಟ್ಟಿಯಾಗಿ ತಾಗುವುದೇ ಇಲ್ಲ. ಹಬ್ ಆ ಎರಡು ಚುಕ್ಕಿಗಳ ಮೇಲೆ ಉಯ್ಯಾಲೆಯಾಡುತ್ತದೆ. ಅದೇ ಸ್ಕ್ರೂಗಳನ್ನು 90 ಡಿಗ್ರಿಯಲ್ಲಿ ಹಾಕಿ. ಎರಡೂ ಸೇರಿ ಶಾಫ್ಟನ್ನು ಆಚೆ ಪಕ್ಕದ ಗೋಡೆಗೆ ನೂಕುತ್ತವೆ. ಎರಡು ಸ್ಕ್ರೂ, ಒಂದು ಗೋಡೆ. ಒಲೆಯ ಮೂರು ಕಲ್ಲಿನ ಮೇಲೆ ಕೂತ ಪಾತ್ರೆಯಂತೆ ಅಲ್ಲಾಡುವುದಿಲ್ಲ.

ಗ್ರಬ್ ಸ್ಕ್ರೂ ಒತ್ತಿದ ಕಡೆ ಶಾಫ್ಟಿನ ಮೇಲೆ ಒಂದು ಗಾಯದ ಗಂಟು ಏಳುತ್ತದೆ. ಮುಂದೆ ಪುಲ್ಲಿ ತೆಗೆಯುವಾಗ ಆ ಗಂಟು ಬೋರನ್ನು ಗೀರುತ್ತಾ ಬರುತ್ತದೆ, ಅಥವಾ ಬರುವುದೇ ಇಲ್ಲ. ಅದಕ್ಕೇ ಸ್ಕ್ರೂ ಬೀಳುವ ಜಾಗದಲ್ಲಿ ಮೊದಲೇ ಅರ ಹಾಕಿ ಚಪ್ಪಟೆ ಮಾಡುತ್ತಾರೆ. ಕೀ ಇದ್ದರೆ ಒಂದು ಸ್ಕ್ರೂ ಕೀ ನೆತ್ತಿಯ ಮೇಲೇ ಕೂರಲಿ. ಬರೀ ಗ್ರಬ್ ಸ್ಕ್ರೂ ನಂಬಿ ದೊಡ್ಡ ಟಾರ್ಕ್ ಕಳಿಸುವ ಸಾಹಸ ಮಾತ್ರ ಬೇಡ. ಕೂಲಿಂಗ್ ಫ್ಯಾನಿಗೆ, ಸುತ್ತು ಅಳೆಯುವ ಸಣ್ಣ ಎನ್‌ಕೋಡರಿಗೆ ಸಾಕು.

ತಾನೇ ಕಚ್ಚಿ ಹಿಡಿಯುವ ಇಳಿಜಾರು

ಕೀ ಇಲ್ಲದೆಯೂ ಹಿಡಿಯಬಹುದು. ಡ್ರಿಲ್ಲಿಂಗ್ ಮಷೀನಿನ ಸ್ಪಿಂಡಲ್ ನೋಡಿ. ದೊಡ್ಡ ಡ್ರಿಲ್ಲಿನ ಹಿಂಬದಿ ಒಂಚೂರು ಮೊನಚಾಗಿರುತ್ತದೆ. ಒಳಗೆ ತಳ್ಳಿ ಒಂದು ಏಟು ಕೊಟ್ಟರೆ ಹಿಡಿದುಕೊಳ್ಳುತ್ತದೆ. ಅದು ಮೋರ್ಸ್ ಟೇಪರ್. ತೆಗೆಯಲು ಪಕ್ಕದ ಸೀಳಿನಲ್ಲಿ ಡ್ರಿಫ್ಟ್ ಅನ್ನುವ ಬೆಣೆ ಹಾಕಿ ಹೊಡೆಯಬೇಕು. ಆದರೆ ಮಿಲ್ಲಿಂಗ್ ಮಷೀನಿನ ಟೂಲ್ ಹೋಲ್ಡರೂ ಮೊನಚೇ, ಇನ್ನೂ ದಪ್ಪ ಮೊನಚು. ಅದು ಮಾತ್ರ ಹಿಂದಿನಿಂದ ಎಳೆದು ಹಿಡಿಯದಿದ್ದರೆ ನಿಲ್ಲುವುದೇ ಇಲ್ಲ, ಬಿಟ್ಟ ತಕ್ಷಣ ಸಡಿಲ. ಯಾಕೆ?

ಒಂದು ಹಲಗೆಯ ಮೇಲೆ ಉಕ್ಕಿನ ತಗಡು ಬಡಿದು, ಮೇಲೊಂದು ಕಬ್ಬಿಣದ ತುಂಡಿಟ್ಟು ನಿಧಾನ ಎತ್ತಿ. ಒಂದು ಕೋನದವರೆಗೆ ತುಂಡು ಅಲ್ಲೇ ಇರುತ್ತದೆ, ದಾಟಿದರೆ ಜಾರುತ್ತದೆ. ಉಕ್ಕಿಗೆ ಉಕ್ಕು ಉಜ್ಜುವಾಗ ಘರ್ಷಣೆಯ ಅಂಕಿ 0.15 ಅಂತ ಹಿಡಿದರೆ ಆ ಕೋನ ಸುಮಾರು 8.5 ಡಿಗ್ರಿ. ಮೋರ್ಸ್ ಟೇಪರಿನ ಇಳಿಜಾರು ಪ್ರತಿ ಪಕ್ಕಕ್ಕೆ ಒಂದೂವರೆ ಡಿಗ್ರಿಯ ಹತ್ತಿರ. ಜಾರುವ ಕೋನಕ್ಕಿಂತ ಬಹಳ ಕೆಳಗೆ, ಆದ್ದರಿಂದ ಕಚ್ಚಿಕೊಳ್ಳುತ್ತದೆ. ಮಿಲ್ಲಿಂಗ್ ಟೂಲಿನದು 8.3 ಡಿಗ್ರಿ, ಜಾರುವ ಗೆರೆಯ ಮೇಲೇ ಕೂತಿದೆ. ಒಂದು ತೊಟ್ಟು ಎಣ್ಣೆ ಇದ್ದರೆ ಸಾಕು, ಬಿಟ್ಟುಕೊಡುತ್ತದೆ. ಟೂಲನ್ನು ಕ್ಷಣದಲ್ಲಿ ಬದಲಿಸಬೇಕಲ್ಲ, ಅವರಿಗೆ ಬೇಕಾದ್ದೂ ಅದೇ.

ಸ್ಕೂಟರ್ ಮೆಕ್ಯಾನಿಕ್‌ಗಳಿಗೆ ಇದು ಪುಸ್ತಕವಿಲ್ಲದೆ ಗೊತ್ತು. ಮ್ಯಾಗ್ನೆಟ್ ಚಕ್ರ ಕ್ರ್ಯಾಂಕ್‌ಶಾಫ್ಟಿನ ಮೊನಚು ತುದಿಯಲ್ಲಿ ಕೂರುತ್ತದೆ. ಜೊತೆಗೆ ಅರ್ಧಚಂದ್ರದಂಥ ಪುಟ್ಟ ಕೀ. ಚಕ್ರವನ್ನು ತಿರುಗಿಸುವುದು ಆ ಕೀ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಹಿಡಿದಿರುವುದು ಮೊನಚು, ಅದನ್ನು ಒತ್ತಿಟ್ಟಿರುವುದು ನಟ್ಟು. ಕೀ ಇರುವುದು ಚಕ್ರ ಸರಿಯಾದ ದಿಕ್ಕಿಗೇ ಕೂರಲಿ, ಕಿಡಿ ಸರಿಯಾದ ಹೊತ್ತಿಗೆ ಹಾರಲಿ ಅಂತ. ನಟ್ಟು ಸಡಿಲವಾದ ದಿನ ಪೂರ್ತಿ ಭಾರ ಆ ಬಡಪಾಯಿ ಕೀ ಮೇಲೆ ಬೀಳುತ್ತದೆ. ಅದು ಕತ್ತರಿಸುತ್ತದೆ, ಟೈಮಿಂಗ್ ತಪ್ಪುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಹೊಸ ಕೀ ಹಾಕಿ ಅದೇ ಹಳೇ ಸಡಿಲದಲ್ಲಿ ನಟ್ಟು ಬಿಟ್ಟರೆ ಮತ್ತೆ ಅದೇ ಕಥೆ.

ಪುಲ್ಲಿಗಳಲ್ಲಿ ಬರುವ ಟೇಪರ್ ಲಾಕ್ ಬುಶ್ ಇದೇ ಬುದ್ಧಿಯ ಮಗು. ಹೊರಗೆ ಮೊನಚಾಗಿರುವ, ಸೀಳಿದ ಒಂದು ಕೊಳವೆ. ಸ್ಕ್ರೂ ಬಿಗಿಮಾಡಿದಂತೆ ಪುಲ್ಲಿಯೊಳಗೆ ಇಳಿದು ಶಾಫ್ಟನ್ನು ಸುತ್ತಲೂ ಹಿಚುಕುತ್ತದೆ. ನನ್ನ 60ರಂಥ ತಪ್ಪಿಗೂ ಸ್ವಲ್ಪ ಕ್ಷಮೆ ಇದೆ, ಶಾಫ್ಟ್ ಒಂಚೂರು ಸಣ್ಣದಿದ್ದರೂ ಬುಶ್ ಮುಚ್ಚಿಕೊಂಡು ಹಿಡಿಯುತ್ತದೆ. ಇಲ್ಲಿ ಮೊನಚಿಗೆ ಗ್ರೀಸ್ ಬಳಿಯುವ ಪ್ರೀತಿ ಬೇಡ, ಒಣಗಿರಬೇಕು. ನನಗೆ ಇದು ಇಷ್ಟವಾಗಲು ಮುಖ್ಯ ಕಾರಣ ಬೇರೆ. ಅದೇ ಸ್ಕ್ರೂ ಬಿಚ್ಚಿ ಇನ್ನೊಂದು ತೂತಿಗೆ ಹಾಕಿ ಬಿಗಿದರೆ ಬುಶ್ ತಾನಾಗಿ ಹೊರಗೆ ಬರುತ್ತದೆ. ಇದನ್ನು ಮಾಡಿದವನು ಬಿಚ್ಚುವವನ ಬಗ್ಗೆಯೂ ಯೋಚಿಸಿದ್ದಾನೆ.

ಲೋಟದೊಳಗೆ ಲೋಟ

ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಅಮ್ಮ ಹೇಗೆ ಬಿಡಿಸುತ್ತಾರೆ? ಒಳಗಿನದಕ್ಕೆ ತಣ್ಣೀರು ಸುರಿದು, ಹೊರಗಿನದನ್ನು ಬಿಸಿನೀರಿನಲ್ಲಿ ಇಡುತ್ತಾರೆ. ಹೊರಗಿನದು ಹಿಗ್ಗುತ್ತದೆ, ಒಳಗಿನದು ಕುಗ್ಗುತ್ತದೆ, ಟಪ್ ಅಂತ ಬಿಡುತ್ತದೆ. ಇದನ್ನೇ ಹಿಂದುಮುಂದು ಮಾಡಿದರೆ ಬಿಸಿ ಮಾಡಿ ಕೂರಿಸುವ ಜೋಡಣೆ. 60 ಮಿ.ಮೀ. ಬೋರಿನ ಹಬ್ಬನ್ನು ನೂರು ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಬೋರು ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಒಂದು ಕೂದಲಿನಷ್ಟು. ಶಾಫ್ಟನ್ನು ಬೋರಿಗಿಂತ ಅರ್ಧ ಕೂದಲು ದಪ್ಪ ಇಟ್ಟಿದ್ದರೂ ಬಿಸಿ ಹಬ್ ಜಾರಿ ಕೂರುತ್ತದೆ. ಆರಿದ ಮೇಲೆ ಸುತ್ತಲೂ ಅಪ್ಪಿ ಹಿಡಿಯುತ್ತದೆ. ಸಂದಿ ಇಲ್ಲ, ಗುದ್ದಾಟ ಇಲ್ಲ.

ರೈಲಿನ ಚಕ್ರ ಆ್ಯಕ್ಸಲ್ಲಿಗೆ ಹೀಗೇ ಬಿಗಿಯ ಬಲದಿಂದ ನಿಂತಿರುತ್ತದೆ, ಕೀ ಇರುವುದಿಲ್ಲ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ಇರುವ ರೈಲು ಗಾಲಿ ಕಾರ್ಖಾನೆಯಲ್ಲಿ ಚಕ್ರಗಳನ್ನು ಆ್ಯಕ್ಸಲ್ಲಿನ ಮೇಲೆ ಪ್ರೆಸ್ಸಿನಿಂದ ಒತ್ತಿ ಕೂರಿಸುತ್ತಾರೆ. ಟನ್ನುಗಟ್ಟಲೆ ಭಾರ ಹೊತ್ತು, ಪ್ರತಿ ಸುತ್ತಿಗೂ ಬಗ್ಗುತ್ತಾ ಓಡುವ ಆ್ಯಕ್ಸಲ್ಲಿನಲ್ಲಿ ಕೀವೇ ಕೊರೆಯುವುದೆಂದರೆ ಬಿರುಕಿಗೆ ಆಮಂತ್ರಣ ಕೊಟ್ಟ ಹಾಗೆ. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೈಯಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ ಆ್ಯಕ್ಸಲ್ ಮುರಿದು ಬಹಳ ಜನ ಸತ್ತರು. ಆಮೇಲೆ ಆ್ಯಕ್ಸಲ್‌ಗಳು ಯಾಕೆ ಮುರಿಯುತ್ತವೆ ಅಂತ ಎಂಜಿನಿಯರುಗಳು ಬೆನ್ನುಹತ್ತಿದರು. ಜರ್ಮನಿಯ ಆಗಸ್ಟ್ ವೋಲರ್ ಆ ಶತಮಾನದ ಮಧ್ಯದಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿ, ಒಮ್ಮೆಗೆ ತಡೆಯುವ ಭಾರಕ್ಕಿಂತ ಬಹಳ ಕಡಿಮೆ ಭಾರವೂ ಲಕ್ಷಗಟ್ಟಲೆ ಸಲ ಬಂದರೆ ಕಬ್ಬಿಣ ಮುರಿಯುತ್ತದೆ ಅಂತ ತೋರಿಸಿದ.

ಬಿಗಿ ಜೋಡಣೆಗೂ ಒಂದು ನೋವಿನ ಜಾಗ ಇದೆ. ಹಬ್ ಮುಗಿಯುವ ಅಂಚು. ಶಾಫ್ಟ್ ಬಗ್ಗಿದಾಗ ಅಲ್ಲಿ ಚೂರು ಉಜ್ಜಾಟ ನಡೆಯುತ್ತದೆ, ಅದೇ ಕೆಂಪು ಪುಡಿ. ಅದಕ್ಕೇ ಚಕ್ರ ಕೂರುವ ಜಾಗದಲ್ಲಿ ರೈಲಿನ ಆ್ಯಕ್ಸಲ್ ಉಳಿದ ಮೈಗಿಂತ ದಪ್ಪ.

ಬಿಚ್ಚೋದು ಹೇಗೆ?

ಬಿಗಿಯೇ ದೇವರು ಅಂತ ನಾನು ಎರಡನೇ ಸಲ ಶಾಫ್ಟಿಗೂ ಬೋರಿಗೂ ಒಳ್ಳೇ ಬಿಗಿ ಅಳತೆ ಬರೆದು ಡ್ರಾಯಿಂಗ್ ತಂದೆ. ಫಿಟ್ಟರ್ ನೋಡಿ ಕೇಳಿದ್ದು ಒಂದೇ ಮಾತು: ‘ಇದನ್ನ ಬಿಚ್ಚೋದು ಹೇಗೆ ಸಾರ್?’ ಸ್ಪ್ರಾಕೆಟ್ಟಿನ ಹಿಂದೆ ಬೇರಿಂಗ್ ಎರಡು ಬೆರಳು ದೂರದಲ್ಲಿತ್ತು. ಚಕ್ರವನ್ನು ಎಳೆದು ತೆಗೆಯುವ ಪುಲ್ಲರಿನ ಕಾಲು ತೂರಲು ಜಾಗ ಇರಲಿಲ್ಲ. ಹಲ್ಲು ಸವೆದ ದಿನ ಗ್ಯಾಸ್ ಕಟ್ಟರ್ ಒಂದೇ ಗತಿ.

ಕೂರಿಸುವಾಗಲೂ ಅಷ್ಟೇ. ಮೋಟಾರಿನ ಶಾಫ್ಟಿಗೆ ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದನ್ನು ಎಲ್ಲ ಕಡೆ ನೋಡುತ್ತೇವೆ. ಆ ಏಟೆಲ್ಲ ಹೋಗುವುದು ಒಳಗಿನ ಬೇರಿಂಗ್ ಗುಂಡುಗಳಿಗೆ. ಗುಂಡು ಕೂತ ದಾರಿಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಆಮೇಲೆ ‘ಹೊಸ ಮೋಟಾರು ಗುರ್ ಅನ್ನುತ್ತೆ’ ಅಂತ ದೂರು. 7.5 ಕಿಲೋವ್ಯಾಟಿನ ಮಾಮೂಲಿ ನಾಲ್ಕು ಪೋಲ್ ಮೋಟಾರಿನ 38 ಮಿ.ಮೀ. ಶಾಫ್ಟಿನ ತುದಿಯಲ್ಲಿ ಎಂ12 ಥ್ರೆಡ್ಡಿನ ಒಂದು ತೂತು ಇರುತ್ತದೆ. ಅದು ಅಂದಕ್ಕಲ್ಲ. ಅಲ್ಲಿಗೊಂದು ಸ್ಟಡ್ ಹಾಕಿ, ದಪ್ಪ ವಾಷರ್ ಇಟ್ಟು ನಟ್ಟು ತಿರುಗಿಸಿದರೆ ಪುಲ್ಲಿ ಸುಮ್ನೆ ಒಳಗೆ ಹೋಗುತ್ತದೆ. ಆ ಶಾಫ್ಟಿಗೆ ಕೆ6 ಅನ್ನುವ ಅಳತೆ ಕೊಟ್ಟಿರುತ್ತಾರೆ: 38ಕ್ಕಿಂತ 0.002ರಿಂದ 0.018 ಮಿ.ಮೀ. ದಪ್ಪ. ಪುಲ್ಲಿಯ ಬೋರು ಎಚ್7, ಅಂದರೆ 38ರಿಂದ 38.025ರ ಒಳಗೆ. ಕೆಲವು ಜೋಡಿ ಚೂರು ಸಡಿಲ, ಕೆಲವು ಚೂರು ಬಿಗಿ. ಪುಲ್ಲರಿನಲ್ಲಿ ಬಿಚ್ಚಬಹುದಾದಷ್ಟು ಬಿಗಿ, ಅಲ್ಲಾಡದಷ್ಟು ಹತ್ತಿರ. ನನ್ನ ಒಂದೂವರೆ ಹಾಳೆ ಸಂದಿಗೂ ಇದಕ್ಕೂ ಹೋಲಿಸಿ ನೋಡಿ.

ಮುರಿಯಲೆಂದೇ ಇಟ್ಟದ್ದು

ಎಲ್ಲ ಕೊಂಡಿಯೂ ಗಟ್ಟಿ ಇರಬೇಕೆಂದೇನಿಲ್ಲ. ಎಂಜಿನ್ನಿನ ಬಲವನ್ನು ಹಿಂದೆ ಕಟ್ಟಿದ ಉಪಕರಣಕ್ಕೆ ಕೊಡುವ ಟ್ರ್ಯಾಕ್ಟರಿನ ಪಿಟಿಒ ಶಾಫ್ಟ್ 35 ಮಿ.ಮೀ. ದಪ್ಪ, ಆರು ಹಲ್ಲಿನ ಸ್ಪ್ಲೈನು, ನಿಮಿಷಕ್ಕೆ 540 ಸುತ್ತು. ಒಂದು ಕೀ ಬದಲು ಶಾಫ್ಟಿನ ಮೈಯಲ್ಲೇ ಆರು ಕೀ ಕೊರೆದ ಹಾಗೆ. ಭಾರ ಹಂಚಿಹೋಗುತ್ತದೆ, ಗುಂಡಿಯಲ್ಲಿ ಗಾಡಿ ಎದ್ದು ಬಿದ್ದಾಗ ಉದ್ದಕ್ಕೆ ಜಾರಲೂ ಬರುತ್ತದೆ. ಆ ಸಾಲಿನಲ್ಲಿ ಎಲ್ಲೋ ಒಂದು ಶೇರ್ ಬೋಲ್ಟ್ ಇರುತ್ತದೆ. ರೋಟವೇಟರ್ ಕಲ್ಲಿಗೆ ಸಿಕ್ಕಿದರೆ ಅದು ಕತ್ತರಿಸಿ ಉಳಿದದ್ದನ್ನು ಉಳಿಸುತ್ತದೆ. ನಮ್ಮ ಚಿಕ್ಕಪ್ಪ ಪದೇ ಪದೇ ಬೋಲ್ಟ್ ಹೋಗುತ್ತದೆ ಅಂತ ಬೇಜಾರಾಗಿ ಗಟ್ಟಿಯಾದ ಹೈಟೆನ್ಸಿಲ್ ಬೋಲ್ಟ್ ಹಾಕಿದರು. ಬೋಲ್ಟ್ ಹೋಗಲಿಲ್ಲ. ಯುನಿವರ್ಸಲ್ ಜಾಯಿಂಟಿನ ಕ್ರಾಸ್ ಹೋಯಿತು. ಮಿಕ್ಸಿಯ ತಳದ ಕಪ್ಲರ್ ಕೂಡ ಇದೇ ಜಾತಿ. ಅದು ಹರಿದರೆ ಬೈಯಬೇಡಿ, ಮೋಟಾರು ಉಳಿಯಿತು.

ಸಡಿಲವೇ ಬೇಕಾದ ಕಡೆಯೂ ಇದೆ. ಹಳೇ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಗಾಣದಲ್ಲಿ ಗೇರಿಗೂ ರೋಲರಿಗೂ ನಡುವೆ ಚೌಕದ ದೊಡ್ಡ ಕಂಬ, ಅದರ ಎರಡು ತುದಿಗೆ ಚೌಕದ ತೂತಿನ ಕಪ್ಲಿಂಗ್. ಒಳಗೆ ಕಣ್ಣಿಗೆ ಕಾಣುವಷ್ಟು ಸಂದಿ. ಕಬ್ಬು ಜಾಸ್ತಿ ಬಂದಾಗ ರೋಲರ್ ಮೇಲೇಳಬೇಕು, ಕಂಬ ಓರೆಯಾಗಬೇಕು. ಬಿಗಿ ಇಟ್ಟಿದ್ದರೆ ಏನಾದರೂ ಮುರಿಯುತ್ತಿತ್ತು. ಅಲ್ಲಿ ಸುತ್ತು ನಿಮಿಷಕ್ಕೆ ಐದಾರು, ದಿಕ್ಕು ಯಾವಾಗಲೂ ಒಂದೇ. ಒಮ್ಮೆ ಒಂದು ಪಕ್ಕಕ್ಕೆ ಒರಗಿದ ಚೌಕ ಅಲ್ಲೇ ಒರಗಿರುತ್ತದೆ, ಗುದ್ದುವುದಿಲ್ಲ. ಗೋಡೆಗೆ ಒರಗಿ ನಿಂತವನು ಗೋಡೆ ಒಡೆಯುವುದಿಲ್ಲವಲ್ಲ.

ನನ್ನ ಕನ್ವೇಯರ್ ದಿಕ್ಕು ಬದಲಿಸುತ್ತಿತ್ತು, ಆ ಭಾಗ್ಯ ಅದಕ್ಕಿರಲಿಲ್ಲ. ಮೂರನೇ ಡ್ರಾಯಿಂಗಿನಲ್ಲಿ ಶಾಫ್ಟಿಗೆ 62ರ ಬಾರ್ ತೆಗೆದು 60ಕ್ಕೆ ಲೇತಿನಲ್ಲಿ ಇಳಿಸಲು ಹೇಳಿದೆ. ಅಳತೆ ಬರೆದೆ. ಕೀ ಪಕ್ಕ ಬಿಗಿ, ನೆತ್ತಿ ಖಾಲಿ. ಸ್ಕ್ರೂ 90 ಡಿಗ್ರಿ. ಹಬ್‌ನ ಮುಖದಲ್ಲಿ ಎರಡು ಥ್ರೆಡ್ ತೂತು, ಅದಕ್ಕೆ ಬೋಲ್ಟ್ ಹಾಕಿ ಪಟ್ಟಿ ಕಟ್ಟಿ ಎಳೆದರೆ ಬೇರಿಂಗ್ ಮುಟ್ಟದೆ ಸ್ಪ್ರಾಕೆಟ್ ಹೊರಬರುತ್ತದೆ. ಜೋಡಿಸಿದ ಮೇಲೆ ಶಾಫ್ಟಿನಿಂದ ಹಬ್ಬಿನ ಮೇಲೆ ಹಾದುಹೋಗುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಲು ಬರೆದೆ. ಗೆರೆ ಒಡೆದರೆ ಹಬ್ ಜಾರಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಫಿಟ್ಟರ್ ಈ ಸಲ ಬಹಳ ಹೊತ್ತು ನೋಡಿದರು. ಥ್ರೆಡ್ ತೂತಿನ ಮೇಲೆ ಬೆರಳಿಟ್ಟು, ‘ಎಂ10 ಹಾಕಿದೀರಲ್ಲ ಸಾರ್, ಅವರ ಸ್ಟೋರಲ್ಲಿ ಎಂ12 ಬೋಲ್ಟ್ ಮಾತ್ರ ಇರೋದು. ರಾತ್ರಿ ಎರಡು ಗಂಟೆಗೆ ಬಿಚ್ಚಬೇಕಾದ್ರೆ ಎಂ10 ಎಲ್ಲಿ ಹುಡುಕ್ತಾರೆ?’ ಅಂದರು.

ಎಂ12 ಮಾಡಿ ಕೊಟ್ಟೆ.